ಬಿತ್ತನೆ ರಾಗಿಯ ಹಿಟ್ಟು

ನನ್ನ ಮೊದಲ ಬಸಿರಿನಲ್ಲಿ ನನಗೆ ಹದಿನಾರು, ನನ್ನ ಅತ್ತೆಗೆ ಮೂವತ್ತೈದರ ಆಸುಪಾಸು. ಅತ್ತೆ ಎಂದರೆ ನನ್ನಪ್ಪನ ಒಡಹುಟ್ಟಿದ ಅಕ್ಕ. ನಾನು ಸೊಸೆಯಾಗಿ ಕಾಲಿಟ್ಟ ದಿನದಿಂದ ಆ ಅಕ್ಕರೆಯನ್ನೆಲ್ಲ ಗಂಟು ಕಟ್ಟಿ ಅಟ್ಟದ ಮೇಲಿಟ್ಟಿದ್ದರು. ಆಗ ಮಲೆಯ ಮೇಲೆ ಅಣೆಕಟ್ಟು ಕಟ್ಟುತ್ತಿದ್ದರು. ನನ್ನ ಗಂಡ ಅಲ್ಲಿಗೆ ಗಾಡಿಯಲ್ಲಿ ಸುಣ್ಣ ಹೇರುತ್ತಿದ್ದರು. ಹೋದರೆ ತಿಂಗಳಾದರೂ ಬರುತ್ತಿರಲಿಲ್ಲ.

ಆರನೇ ತಿಂಗಳಲ್ಲಿ ನನಗೆ ಭಯ ಹತ್ತಿಕೊಂಡಿತು. ಬಾವಿಯಲ್ಲಿ ನೀರು ಸೇದುತ್ತಿದ್ದ ಹಾಗೇ ಎದೆ ಡವಡವ ಹೊಡೆದುಕೊಳ್ಳುವುದು, ಬೆರಳು ತಣ್ಣಗಾಗುವುದು, ಉಸಿರು ಗಂಟಲಲ್ಲೇ ನಿಲ್ಲುವುದು. ಮಗು ಒದೆಯದಿದ್ದರೆ ಸತ್ತೇ ಹೋಯಿತೆಂದು ಅಳುತ್ತಿದ್ದೆ. ಒದ್ದರೆ ಯಾಕೆ ಹೀಗೆ ಒದೆಯುತ್ತಿದೆಯೆಂದು ಅಳುತ್ತಿದ್ದೆ. ಈಗ ನಗು ಬರುತ್ತದೆ, ಆಗ ಬರಲಿಲ್ಲ.

ಹಿಂದೊಂದು ದಿನ ಆಂಡಿಪಟ್ಟಿಯ ಸಂತೆಯಿಂದ ಬರುವಾಗ ನಾನು ಹುಣಸೆಮರದ ಕೆಳಗೆ ಕೂತಿದ್ದು ಮಾವನವರಿಗೆ ನೆನಪಾಯಿತು. ಗಾಳಿ ಹಿಡಿದಿದೆ ಎಂದು ತೀರ್ಮಾನಿಸಿ ಬೋಡಿ ಕಡೆಯ ಒಬ್ಬ ಪೂಜಾರಿಗೆ ಹೇಳಿ ಕಳಿಸಿದರು. ಅವನು ಗಾಳಿ ಬಿಡಿಸುವ ಬಗೆ ಊರಿಗೆಲ್ಲ ಗೊತ್ತು: ಹೊಗೆ ಹಾಕುವುದು, ಉಡುಕೆ ಎಂಬ ಡಮರುಗ ಬಡಿಯುವುದು, ಬೇವಿನ ಬರಲಿನಿಂದ ಬಾರಿಸುತ್ತ "ಯಾರು ನೀನು?" ಎಂದು ಕೇಳುವುದು. ತುಂಬಿದ ಹೊಟ್ಟೆಯವಳಿಗೆ ಆ ಏಟು ಎಲ್ಲಿ ಬಿದ್ದೀತೋ ಎಂದು ನಾನು ಮೂರು ದಿನ ಸರಿಯಾಗಿ ಉಣ್ಣಲಿಲ್ಲ.

ಪೂಜಾರಿ ಬರುವ ಶುಕ್ರವಾರ ಬೆಳಿಗ್ಗೆಯೇ ಅತ್ತೆ ನನ್ನನ್ನು ಬೀಸುವ ಕಲ್ಲಿಗೆ ಕೂರಿಸಿ ತಾವು ಎದುರಿಗೆ ಕೂತರು. ಒಂದೇ ಗೂಟ, ಇಬ್ಬರ ಕೈ. ಕಲ್ಲಿನ ಬಾಯಲ್ಲಿ ಕಾಳಿರುವಾಗ ಬೀಸುವವಳು ಏಳಬಾರದು, ಎದ್ದರೆ ಮನೆಯ ಅನ್ನ ಎದ್ದು ಹೋಗುತ್ತದೆ ಎಂಬುದು ನಮ್ಮವರ ಕಟ್ಟಳೆ. ಗಂಡಸರೂ ಅದನ್ನು ಮೀರುತ್ತಿರಲಿಲ್ಲ.

ನಾಲ್ಕು ಸುತ್ತು ತಿರುಗಿದ ಮೇಲೆ ಅತ್ತೆ ಗೂಟವನ್ನೇ ನೋಡುತ್ತ ಕೇಳಿದರು. "ಎದೆ ಪಡಪಡಾಂತ ಹೊಡ್ಕತದಾ?"

"ಹೂಂ ಅತ್ತೆ."

"ಇವತ್ತೇ ಸತ್ತೋಗ್ತೀನಿ ಅಂತ ಅನ್ಸತದಾ?"

"ನಿಮ್ಗೆಂಗೆ ಗೊತ್ತು?"

ಅವರು ಸೆರಗನ್ನು ತುಸು ಸರಿಸಿದರು. "ನಂಗೂ ನಾಕು ತಿಂಗ್ಳು, ಕಂದ. ಸೊಸೆ ಬಸುರಿ ಆಗಿರೋವಾಗ ಅತ್ತೆನೂ ಬಸುರಿ ಅಂದ್ರೆ ಊರು ನಗ್ತದೆ ಅಂತ ಬಾಯಿ ಬಿಡ್ಲಿಲ್ಲ. ಒಂದೊಂದು ಬಸ್ರಲ್ಲೂ ನಂಗೆ ಇದೇ ಬಯ. ನಿನ್ನ ಗಂಡ ಹೊಟ್ಟೇಲಿರಾಗ ನಂಗೂ ಪೂಜಾರಿ ಕರ್ಸಿದ್ರು." ಭುಜದ ಮೇಲಿನ ಹಳೆಯ ಬರೆ ತೋರಿಸಿದರು. "ಗಾಳಿನೂ ಇಲ್ಲ, ಗೀಳಿನೂ ಇಲ್ಲ. ಕೈ ಮುಂದ್ಕೆ ಹೋಗೋವಾಗ ಉಸ್ರು ಬಿಡು, ಹಿಂದ್ಕೆ ಬರೋವಾಗ ಎಳ್ಕೋ."

ಹಾಗೇ ಮಾಡಿದೆ. ಎದೆ ಮೆಲ್ಲಗೆ ಕಲ್ಲಿನ ಲಯಕ್ಕೆ ಬಂತು.

ಪೂಜಾರಿ ಬಂದು ಜಗಲಿಯಲ್ಲಿ ಕೂತ. ಮಾವನವರು ಬಾಗಿಲಲ್ಲಿ ನಿಂತು, "ಇನ್ನೂ ಆಗ್ಲಿಲ್ವಾ?" ಎಂದರು.

"ಕಲ್ಲಿನ ಬಾಯಲ್ಲಿ ಕಾಳದೆ!" ಎಂದು ಅತ್ತೆ ಇನ್ನೊಂದು ಹಿಡಿ ಸುರಿದರು.

ಮಧ್ಯಾಹ್ನ ಮತ್ತೆ ಕೇಳಿದರು, ಮತ್ತೆ ಅದೇ ಉತ್ತರ. ತೋಳು ಸೋತಾಗ ಒಬ್ಬರು ಬಿಟ್ಟು ಇನ್ನೊಬ್ಬರು ತಿರುಗಿಸಿದೆವು. ಅಷ್ಟರಲ್ಲಿ ಮೊರದ ರಾಗಿ ಮುಗಿಯಿತು. ಅತ್ತೆ ಕೂತಲ್ಲಿಂದಲೇ ಹಿಂದಕ್ಕೆ ಕೈ ಚಾಚಿ ಬಿತ್ತನೆ ರಾಗಿಯ ಗಡಿಗೆಯನ್ನು ಎಳೆದುಕೊಂಡು, ಬಾಯಿಗೆ ಮೆತ್ತಿದ್ದ ಸಗಣಿಯನ್ನು ಅಂಗೈಯಿಂದ ಗುದ್ದಿ ಒಡೆದರು. ತೊಳೆಯದ ಕೈಯಲ್ಲಿ ಆ ಗಡಿಗೆ ಮುಟ್ಟಿದ್ದಕ್ಕೆ ನನಗೆ ಒಮ್ಮೆ ತಲೆಗೆ ಮೊಟಕಿದವರು ಅವರು. ನನಗೆ ಅಳು ಬಂತು, ಆದರೆ ಭಯದಿಂದಲ್ಲ. ನಾನು ಇವರ ಮಗಳೇ ಅನ್ನಿಸಿ ಬಂತು.

ಹೊತ್ತು ಇಳಿಯಿತು. ಕಾದು ಸಾಕಾದ ಪೂಜಾರಿ, ಮತ್ತೆ ಈ ಕಡೆ ಬರುವುದಿಲ್ಲವೆಂದು ಗೊಣಗುತ್ತ ಕಾಣಿಕೆಯ ಹುಂಜವನ್ನು ಮಾತ್ರ ಮರೆಯದೆ ಕಂಕುಳಲ್ಲಿ ಸಿಕ್ಕಿಸಿಕೊಂಡು ಹೋದ. ಮಾವನವರು ಒಳಗೆ ಬಂದು ಬರಿದಾದ ಗಡಿಗೆ ನೋಡಿದರು.

"ಅಯ್ಯೋ, ಬಿತ್ತಕ್ಕೆ ಏನ್ ಮಾಡ್ಲಿ?"

ಅತ್ತೆ ಹಿಟ್ಟಿನ ಕೈಯನ್ನು ನನ್ನ ಹೊಟ್ಟೆಯ ಮೇಲಿಟ್ಟರು, ಆಮೇಲೆ ತಮ್ಮ ಹೊಟ್ಟೆಯ ಮೇಲೆ. "ಈ ವರ್ಸದ ಬೆಳೆ ಮನೆ ಒಳಗೇ ಅದೆ. ಎರಡು."

ಪಾಪ, ಮಾವನವರಿಗೂ ಅದು ತಿಳಿದದ್ದು ಆ ಗಳಿಗೆಯಲ್ಲೇ. ಹೊಸ್ತಿಲ ಮೇಲೆ ಕುಸಿದು ಕೂತರು. ಆಮೇಲೆ ಬಿತ್ತನೆಗೆ ತಮ್ಮನ ಮನೆಯಿಂದ ರಾಗಿ ತಂದರು.

ಭಯ ಅಲ್ಲಿಗೇ ಬಿಟ್ಟು ಹೋಯಿತೆಂದರೆ ಸುಳ್ಳಾಗುತ್ತದೆ. ಬರುತ್ತಿತ್ತು. ಬಂದಾಗ ಇಬ್ಬರೂ ಕಲ್ಲಿಗೆ ಕೂರುತ್ತಿದ್ದೆವು. ನನಗೆ ಸುಖವಾಗಿ ಹೆಣ್ಣು ಹುಟ್ಟಿತು. ಎರಡು ತಿಂಗಳಿಗೆ ಅತ್ತೆಗೆ ನೋವು ಬಂದಾಗ, ಸೂಲಗಿತ್ತಿಯ ಪಕ್ಕ ಕೂತು ಅವರ ಕೈ ಹಿಡಿದೆ. ಅವರ ಕಣ್ಣಲ್ಲಿ ನನಗೆ ಚೆನ್ನಾಗಿ ಗೊತ್ತಿದ್ದ ಆ ಭಯ ಕಂಡಿತು. ಗೂಟ ತಿರುಗಿಸುವ ಹಾಗೆ ಅವರ ಕೈಯನ್ನು ಮುಂದಕ್ಕೂ ಹಿಂದಕ್ಕೂ ಆಡಿಸಿದೆ.

"ಉಸ್ರು ಬಿಡಿ ಅತ್ತೆ," ಎಂದೆ.

"ನಂಗೇ ಹೇಳ್ಕೊಡ್ತೀಯಾ?" ಎಂದು ಆ ನೋವಿನಲ್ಲೂ ಗದರಿ, ಉಸಿರು ಬಿಟ್ಟರು.