ಅಕ್ಕನ ಹೆಗಲ ಮೇಲಿದ್ದ ಕೈ

ಇಂಥ ಸಂಗತಿಗಳನ್ನು ನಾನು ನಂಬುತ್ತಿದ್ದವನಲ್ಲ. ಬಿದ್ದ ಮಳೆ, ಬಸ್ಸು ಹೊರಟ ಹೊತ್ತು, ಕರೆದ ಹಾಲು ಎಲ್ಲವನ್ನೂ ಅಂದಂದೇ ದಿನಚರಿಯಲ್ಲಿ ಬರೆದಿಡುವ ನನಗೆ ಅಳತೆಗೆ ಸಿಗದ್ದೆಲ್ಲ ಬರೀ ಬಾಯಿಮಾತು. ಕೆಲವು ವರ್ಷಗಳ ಹಿಂದೆ ಸಾಗರದಲ್ಲಿ ನಡೆದದ್ದನ್ನು ಮಾತ್ರ ಹಾಗೆ ತಳ್ಳಿಹಾಕಲಾರೆ.

ಪದ್ಮಕ್ಕ ಆಗ ಬಸುರಿ. ದವಡೆ ಹಲ್ಲು ಹುಳುಕಾಗಿ, ಕೀವು ತುಂಬಿ, ಕೆನ್ನೆ ಊದಿತ್ತು. ಗಂಜಿಯೂ ಇಳಿಯುತ್ತಿರಲಿಲ್ಲ. ಶಿವಮೊಗ್ಗದಿಂದ ವಾರಕ್ಕೊಮ್ಮೆ ಬರುವ ಹಲ್ಲಿನ ಡಾಕ್ಟರು ಹಿಂದಿನ ಸಲ ಇಕ್ಕಳ ಎತ್ತಿಕೊಂಡದ್ದೇ ತಡ, ಅವರ ಕೈ ತಳ್ಳಿ ಕುರ್ಚಿಯಿಂದ ಇಳಿದುಬಂದಿದ್ದಳು. ಇನ್ನೂ ತಡಮಾಡಿದರೆ ಹೊಟ್ಟೆಯಲ್ಲಿರುವ ಕೂಸಿಗೂ ಒಳ್ಳೆಯದಲ್ಲ ಎಂದು ಅವರು ಎಚ್ಚರಿಸಿದ್ದರು. ಭಾವನಿಗೆ ಜೋಗದಲ್ಲಿ ಪಾಳಿ ಕೆಲಸ. ಹಾಗಾಗಿ ಈ ಸಲ ಜೊತೆಗೆ ಹೋದವನು ನಾನು.

ಹೊಸ ಎತ್ತು ಬೆದರಿದರೆ ನಿಟ್ಟೂರಿನ ನಮ್ಮ ಮನೆಯಲ್ಲಿ ಅದರ ಹೆಗಲ ಮೇಲೆ, ನೊಗ ಕೂರುವ ಜಾಗದಲ್ಲಿ, ಎರಡೂ ಅಂಗೈ ಊರಿ ಒತ್ತುತ್ತೇವೆ. ಭಾರ ಬಿದ್ದರೆ ಅದು ಸುಮ್ಮನೆ ನಿಲ್ಲುತ್ತದೆ. ಅಂದು ಡಾಕ್ಟರ ಕುರ್ಚಿಯಲ್ಲಿ ಕೂತೊಡನೆ ಅಕ್ಕ ನಡುಗತೊಡಗಿದಳು. ಬೇರೇನೂ ತೋಚದೆ ಹಿಂದೆ ನಿಂತು ಅವಳ ಹೆಗಲುಗಳನ್ನು ಹಾಗೇ ಒತ್ತಿ ಹಿಡಿದೆ.

“ನನ್ನೇನು ಎತ್ತು ಅಂದ್ಕಂಡ್ಯೇನೋ?” ಎಂದಳು. ಆದರೆ ನಡುಕ ಇಳಿಯುತ್ತ ಬಂತು. “ಕೈ ತೆಗಿಬೇಡ ತಮ್ಮಾ” ಎಂದು ಕಣ್ಣು ಮುಚ್ಚಿದಳು.

ಡಾಕ್ಟರು ಇಂಜೆಕ್ಷನ್ ಕೊಟ್ಟರು. ಅಂದು ಕಂಪೌಂಡರ್ ಬಂದಿರಲಿಲ್ಲ. ಪಕ್ಕದ ಹೋಟೆಲಿನಿಂದ ಬಿಸಿನೀರು ತರುವಂತೆ ನನ್ನ ಕಿವಿಯಲ್ಲಿ ಹೇಳಿದರು. ಅಕ್ಕನಿಗೆ ತಿಳಿಯದಂತೆ ಮೆಲ್ಲನೆ ಕೈ ತೆಗೆದು ಹೋದೆ. ಹೋಟೆಲಿನಲ್ಲಿ ನೀರು ಕಾಯುವುದು ತಡವಾಯಿತು. ನಾನು ಓಡಿ ಬರುವಷ್ಟರಲ್ಲಿ ಹಲ್ಲು ತಟ್ಟೆಯಲ್ಲಿತ್ತು; ಅಕ್ಕ ಹತ್ತಿ ಕಚ್ಚಿಕೊಂಡು ನೆಮ್ಮದಿಯಾಗಿ ಕೂತಿದ್ದಳು.

ಬಸ್ಸಿನಲ್ಲಿ ಬಾಯಿಂದ ಹತ್ತಿ ತೆಗೆದ ಮೇಲೆ ಅವಳಾಡಿದ ಮೊದಲ ಮಾತು: “ಕೀಳೋವಾಗ ಇನ್ನೂ ಗಟ್ಟಿ ಒತ್ತಿದ್ಯಲ್ಲ, ಅದಕ್ಕೇ ತಡ್ಕಂಡೆ ನೋಡು.”

ನಾನು ಹೋಟೆಲಿನಲ್ಲಿದ್ದೆ ಎಂದೆ. ತಮಾಷೆಯೆಂದು ನಕ್ಕಳು. ಆಣೆ ಮಾಡಿದ ಮೇಲೆ ನಗು ನಿಂತಿತು. ನೋವು ತಾಳದೆ ತಾನು ಕೈ ಎತ್ತಿ, ಹೆಗಲ ಮೇಲಿದ್ದ ಕೈಯನ್ನು ಹಿಡಿದುಕೊಂಡಿದ್ದೆ ಎಂದಳು.

ಮುಂದಿನ ವಾರ ಡಾಕ್ಟರನ್ನು ವಿಚಾರಿಸಿದೆ. ಅವಳ ಹಿಂದೆ ಯಾರೂ ಇರಲಿಲ್ಲ, ತಮ್ಮ ಕೈಗಳೆರಡೂ ಅವಳ ದವಡೆಯ ಮೇಲಿದ್ದವು ಎಂದರು. ಅವಳು ಕೈ ಎತ್ತಿ ಹೆಗಲು ಹಿಡಿದುಕೊಂಡದ್ದು ಅವರಿಗೂ ನೆನಪಿತ್ತು. ಹೆದರಿದವರಿಗೆ ಏನೇನೋ ಅನ್ನಿಸುತ್ತದೆ ಎಂದು ಸಮಾಧಾನ ಹೇಳಿದರು. ಇರಬಹುದು.

ಹೆರಿಗೆ ಸುಸೂತ್ರವಾಯಿತು. ಒಂದು ದಿನ ಕೂಸಿಗೆ ಎಣ್ಣೆ ಹಚ್ಚುತ್ತಿದ್ದ ಅಕ್ಕನನ್ನು, ಆ ಕೈ ಹೇಗಿತ್ತು ಎಂದು ಕೇಳಿದೆ.

“ಬೆಚ್ಚಗಿತ್ತು ಕಣೋ. ನಂಗೆ ಹೆದರಿಕೆ ಆಗ್ಲೇ ಇಲ್ಲ” ಎಂದಳು.

ಹೆದರಿಕೆಯಾದದ್ದು ನನಗೆ. ಅದು ಯಾರ ಕೈ ಎಂದು ನನಗೆ ಇಂದಿಗೂ ತಿಳಿಯದು.