ಬಶಿಯಲ್ಲಿ ಬಂದ ಸಂಶಯ

ಕಳೆದ ವಾರ ನಾನು ವಿಷಪರೀಕ್ಷೆ ಮಾಡಿಬಂದೆ. ನನ್ನ ನಾಲಗೆಯಿಂದಲೇ. ಮಾಡುವಾಗ ಮಾತ್ರ ಅದು ನನಗೆ ಗೊತ್ತಿರಲಿಲ್ಲ.

ಚಂದಾಪುರದಲ್ಲಿರುವ ತಂಗಿ ಸುಶೀಲೆಯ ಮನೆಗೆ ಹೋಗಿದ್ದೆ. ಅವಳ ಗಂಡ ವೆಂಕಟೇಶ ಅಲ್ಲಿ ಕಚೇರಿಯೊಂದರಲ್ಲಿ ಗುಮಾಸ್ತ. ತಂಗಿ ಇಬ್ಬರಿಗೂ ಚಹಾ ತಂದಿಟ್ಟಳು. ಅವನು ತನ್ನ ಕಪ್ಪಿನಿಂದ ಅರ್ಧ ಬಶಿಗೆ ಸುರಿದು ನನ್ನ ಮುಂದೆ ಹಿಡಿದ. "ಮೊದಲ ನೀವು ತಗೋರಿ ಭಾವಾ."

ನಮ್ಮ ಕಡೆ ಒಂದೇ ಕಪ್ಪಿನ ಚಹಾ ಹಂಚಿಕೊಳ್ಳುವುದೆಂದರೆ ಪ್ರೀತಿ. ನಾನು ಉಬ್ಬಿಹೋಗಿ ಕುಡಿದೆ. ಅವನು ಕುಡಿಯಲಿಲ್ಲ. ನನ್ನ ಮುಖವನ್ನೇ ನೋಡುತ್ತ ಕುಳಿತ. ಸ್ವಲ್ಪ ಹೊತ್ತಾದ ಮೇಲೆ, "ತಲಿ ಗಿಲಿ ತಿರಗಲಿಕತ್ತದೇನ್ರಿ?" ಎಂದು ಕೇಳಿದ.

ಯಾಕೆ ತಿರುಗಬೇಕು?

"ಇಕಿ ಚಾದಾಗ ಏನೋ ಹಾಕ್ಲಿಕತ್ತಾಳ. ನನಗ ಎಲ್ಲಾ ಗೊತ್ತಾಗ್ಯದ."

ಹೇಗೆ ಗೊತ್ತಾಯಿತು? ಅದನ್ನೂ ಹೆಮ್ಮೆಯಿಂದಲೇ ಹೇಳಿದ. ಸಂಜೆ ಸೇಂದಿ ಅಂಗಡಿಯಲ್ಲಿ ಹೆಂಡ, ಮೇಲೊಂದು ಭಂಗಿ ಗೋಲಿ. (ಮಠದ ಸ್ವಾಮಿಗಳಿಂದ ಮುದ್ರೆ ಹಾಕಿಸಿಕೊಂಡ ಆಚಾರವಂತ ಮನುಷ್ಯ!) "ಸೇಂದಿ ಒಂದೇ ಆದ್ರ ನಿದ್ದಿ ಬರ್ತದ. ಎರಡೂ ಕೂಡಿದ್ರ ತಲಿ ಭಾಳ ಓಡ್ತದ ನೋಡ್ರಿ."

ಓಡುತ್ತದೆ, ನಿಜ. ಎಲ್ಲಿಗೆ? ಪಕ್ಕದ ಮನೆಯವರು ಕೆಮ್ಮಿದರೆ ಅದು ಸುಶೀಲೆಗೆ ಕೊಟ್ಟ ಸಿಗ್ನಲ್ ಅನ್ನುವಲ್ಲಿಗೆ. (ಪಕ್ಕದ ಮನೆಯವರು ಹಣ್ಣು ಮುದುಕರು, ದಮ್ಮಿನ ರೋಗಿ.) ಮೊದಮೊದಲು ಸುಮ್ಮಸುಮ್ಮನೆ ನಗುತ್ತಿದ್ದನಂತೆ, ಆಮೇಲೆ ಅಳುತ್ತಿದ್ದನಂತೆ. ಈಗ ರಾತ್ರಿ ಆಡಿದ ಮಾತು ಬೆಳಿಗ್ಗೆ ನೆನಪಿರುವುದಿಲ್ಲ, ಸಂಶಯ ಮಾತ್ರ ನೆನಪಿರುತ್ತದೆ. ಒಂದು ನಶೆ ಬುದ್ಧಿಯನ್ನು ಮಲಗಿಸುತ್ತದೆ, ಇನ್ನೊಂದು ಸಂಶಯವನ್ನು ಎಬ್ಬಿಸುತ್ತದೆ ಎಂದು ನನ್ನ ಅಂದಾಜು. ನಾನೇನು ಡಾಕ್ಟರಲ್ಲ. ಡಾಕ್ಟರ ಹತ್ತಿರ ಹೋಗೋಣ ಎಂದರೆ ಅವರೂ ಸುಶೀಲೆಯ ಪಾರ್ಟಿಯಂತೆ!

ನನಗೆ ಸಿಟ್ಟು ನೆತ್ತಿಗೇರಿತು. ತಂಗಿಯನ್ನು ಒಳಗೆ ಕರೆದು, "ನಡಿ, ನಮ್ಮ ಮನಿಗೆ, ಸೇಡಂಗೆ ಹೋಗೂಣು" ಎಂದೆ.

"ನಾ ಬರಂಗಿಲ್ಲಣ್ಣಾ. ನಾ ಹೋದ್ರ, ಇವರು ಅಂದಿದ್ದು ಖರೇ ಅಂತಾರ ಮಂದಿ. ಮ್ಯಾಲ ಇವರು ಉಪಾಸ ಬಿದ್ದು ಸಾಯ್ತಾರ."

ನಮ್ಮದು ಮಡಿ ಮನೆತನ. ಅಡಿಗೆ ಮಾಡುವವರು ನೈವೇದ್ಯಕ್ಕೆ ಮುಂಚೆ ಉಪ್ಪು ಕೂಡ ನೋಡುವುದಿಲ್ಲ. ಅಂಥ ಮನೆಯ ಮಗಳು ಆ ಮಧ್ಯಾಹ್ನ ಗಂಡನ ತಾಟಿನ ಮುಂದೆ ಕುಳಿತು, ಅನ್ನದಲ್ಲಿ ಒಂದು ತುತ್ತು, ಸಾರಿನಲ್ಲಿ ಒಂದು ಗುಟುಕು, ತಾನೇ ಮೊದಲು ತಿಂದು ತೋರಿಸಿದಳು. ಆಮೇಲೆ ಅವನು ಉಂಡ. ನನಗೆ ಊಟ ಸೇರಲಿಲ್ಲ, ಕಣ್ಣಲ್ಲಿ ನೀರು ಬಂತು.

ಸೇಂದಿಗೆ ಏನೇನೋ ಪುಡಿ ಬೆರೆಸುತ್ತಾರೆಂದು ಊರಿಗೆಲ್ಲ ಗೊತ್ತು. ಅದನ್ನು ಅವನಿಗೆ ಯಾರು ಮೊದಲು ಕುಡಿದು ತೋರಿಸುತ್ತಾರೆ?