ನರಿಗೆ ತಕ್ಕ ಬೆಳಕು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಬಹ್ರೇನಿನ ಸಲ್ಮಾಬಾದಿನಲ್ಲಿ ಒಂದು ವರ್ಕ್‌ಶಾಪಿನ ಸ್ಟೋರ್ ಕೀಪರ್ ಆಗಿದ್ದೆ. ನರಿ ಬೇಟೆಗೆ ಯಾವ ಬೆಳಕು ಉತ್ತಮ ಎಂದು ತೀರ್ಪು ಕೊಡುವ ಅಧಿಕಾರ ನನ್ನ ಪಾಲಿಗೆ ಬಂದದ್ದು ಆಗಲೇ. ನರಿಯ ಬಗ್ಗೆ ನನಗೆ ತಿಳಿದದ್ದು ಸೊನ್ನೆ, ಬೇಟೆಯ ಬಗ್ಗೆ ಅದಕ್ಕಿಂತ ಕಡಿಮೆ. ಆದರೆ ಬಲ್ಬು, ಬ್ಯಾಟರಿ, ಟಾರ್ಚುಗಳನ್ನಿಟ್ಟ ಕಪಾಟಿನ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಅಧಿಕಾರಕ್ಕೆ ಇನ್ನೇನು ಬೇಕು?

ಬೇಟೆಯ ಅಗತ್ಯ ಬಿದ್ದದ್ದು ನಮ್ಮ ಕ್ಯಾಂಪಿನ ಅಡುಗೆಯವನಿಂದ. ಅವನು ಕಾರ್ಕಳದ ಕಡೆಯವನು. ನಮ್ಮ ಹಿರಿಯ ವೆಲ್ಡರ್ ಹನ್ನೆರಡು ವರ್ಷದ ಗಲ್ಫ್ ಸಾಕೆಂದು ಊರಿಗೆ ಹೊರಟಿದ್ದರು. ಅವರನ್ನು ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ಅವರು ಬಾಯಿಬಿಟ್ಟು ಏನನ್ನೂ ಕೇಳಿದವರಲ್ಲ. ಹೊರಡುವ ದಿನ ಗೊತ್ತಾದ ಮೇಲೆ ಒಂದು ಮಾತು ಮಾತ್ರ ಹೇಳಿದ್ದರು: "ಈ ಪೆಟ್ಟಿಗೆ ಕೋಳಿ ತಿಂದು ತಿಂದು ನಾಲಿಗೆ ಸತ್ತೋಯ್ತು ಮಾರಾಯ. ಹೋಗುವ ಮೊದಲು ಒಮ್ಮೆ ನಾಟಿ ಕೋಳಿಯ ಕೋರಿ ರೊಟ್ಟಿ ಸಿಕ್ಕಿದ್ರೆ ಆಗ್ತಿತ್ತು." ಐಸಿನಲ್ಲಿ ಕಲ್ಲಾಗಿ, ಹಡಗಿನಲ್ಲಿ ಸಮುದ್ರ ದಾಟಿ ಬರುವ ಕೋಳಿಯನ್ನು ನಾವು ಪೆಟ್ಟಿಗೆ ಕೋಳಿ ಎನ್ನುತ್ತಿದ್ದೆವು.

ಅಡುಗೆಯವನು ಇದನ್ನು ಆಜ್ಞೆ ಎಂದೇ ಭಾವಿಸಿದ. ಪಕ್ಕದ ಖರ್ಜೂರದ ತೋಟದ ಅರಬ್ ಅಜ್ಜನಿಂದ ಐದು ಹೇಂಟೆಗಳನ್ನು ತಂದು, ಅಡುಗೆಮನೆಯ ಹಿಂದೆ ಹಲಗೆಯ ಗೂಡು ಕಟ್ಟಿ ಸಾಕತೊಡಗಿದ. ಹಗಲಿಗೆ ಅಂಗಳದಲ್ಲಿ ಮೇಯಲು ಬಿಟ್ಟು, ಸಂಜೆ ಗೂಡಿಗೆ ಸೇರಿಸುತ್ತಿದ್ದ. ಬೆಳಿಗ್ಗೆ ಬಾಗಿಲು ತೆಗೆದು ಒಂದೊಂದನ್ನೇ ಎಣಿಸಿ ಹೊರಬಿಡುತ್ತಿದ್ದ. ಅಣ್ಣನ ಪ್ರಯಾಣಕ್ಕೆ ಹದಿನೈದು ದಿನ ಇದೆ ಎನ್ನುವಾಗ ಒಂದು ಬೆಳಿಗ್ಗೆ ನಾಲ್ಕೇ ಇದ್ದವು. ಎರಡು ದಿನ ಬಿಟ್ಟು ಮೂರು. ತೋಟದ ಬೇಲಿಯ ಬಳಿ ಒಂದಿಷ್ಟು ಗರಿಗಳು ಬಿದ್ದಿದ್ದವು.

"ನರಿಯೇ. ಸಂಶಯವೇ ಬೇಡ," ಎಂದ ನಮ್ಮ ಬಡಗಿ. ಅವನ ತಂದೆ ಘಟ್ಟದ ಬುಡದಲ್ಲಿ ಹಂದಿ ಬೇಟೆ ಆಡಿದವರಂತೆ. ಆದ್ದರಿಂದ ಕಾಡುಪ್ರಾಣಿಗಳ ವಿಷಯದಲ್ಲಿ ಅವನ ಮಾತಿಗೆ ಮೇಲ್ಮನವಿ ಇರಲಿಲ್ಲ. ಈ ದ್ವೀಪದಲ್ಲಿ ನರಿ ಇದೆಯೇ ಎಂಬ ಪ್ರಶ್ನೆ ಯಾರಿಗೂ ಹೊಳೆಯಲಿಲ್ಲ. ರಾತ್ರಿ ಕೋಳಿ ಹೋದರೆ ನರಿ. ಊರಿನಲ್ಲಿ ಕಲಿತದ್ದನ್ನು ಬದಲಿಸಲು ನಾವು ಸಮುದ್ರ ದಾಟಿರಲಿಲ್ಲ.

ಬಂದೂಕು ಇರಲಿಲ್ಲ; ಪಕ್ಕದ ದ್ವೀಪ ಮುಹರ್ರಕಿನಿಂದ ತಂದ ಒಂದು ಹಳೆಯ ಮೀನಿನ ಬಲೆ ಮತ್ತು ಎರಡು ಕಬ್ಬಿಣದ ಪೈಪು ನಮ್ಮ ಆಯುಧ. ಉಳಿದದ್ದು ಬೆಳಕು.

ಮಂಗಳವಾರ ರಾತ್ರಿ ಗ್ಯಾಸ್‌ಲೈಟನ್ನು ಪರೀಕ್ಷಿಸಿದೆವು. ಮದುವೆ ದಿಬ್ಬಣಕ್ಕೆ ಅದಕ್ಕಿಂತ ಶ್ರೇಷ್ಠವಾದದ್ದಿಲ್ಲ. ಬೇಟೆಯಲ್ಲಿ ಅದು ಬೇಟೆಗಾರರನ್ನೇ ಬೆಳಗಿತು. ಲುಂಗಿ ಎತ್ತಿ ಕಟ್ಟಿದ ನಾನು, ಬಡಗಿ, ಅಡುಗೆಯವನು ಮೂವರೂ ಫಳಫಳ ಹೊಳೆಯುತ್ತಿದ್ದೆವು, ಹತ್ತು ಹೆಜ್ಜೆಯಾಚೆ ಏನೂ ಕಾಣಿಸಲಿಲ್ಲ. ಅದರ ಬುಸ್ ಸದ್ದಿಗೆ ನರಿಯ ಹೆಜ್ಜೆ ಕೇಳುವ ಮಾತಂತೂ ದೂರ.

ಬುಧವಾರ ಪಿಕಪ್ಪಿನ ಬ್ಯಾಟರಿಗೆ ಹ್ಯಾಲೊಜೆನ್ ದೀಪವನ್ನು ಜೋಡಿಸಿದೆ. ಸ್ವಿಚ್ ಒತ್ತಿದ ಕ್ಷಣ ಇಡೀ ಅಂಗಳಕ್ಕೆ ಸೂರ್ಯೋದಯವಾಯಿತು. ಕೋಳಿಗಳು ಗೂಡಿನೊಳಗಿಂದಲೇ ದಿನಚರಿ ಆರಂಭಿಸಿದವು. ಮೂರನೇ ಕೋಣೆಯ ಪೇಂಟರ್ ಒಬ್ಬ ಹೆಗಲಿಗೆ ಟವೆಲ್ ಹಾಕಿಕೊಂಡು, ಬಾಯಲ್ಲಿ ಬ್ರಷ್ ಇಟ್ಟುಕೊಂಡು ನಲ್ಲಿಯ ಬಳಿ ಬಂದು ನಿಂತ. ಗಂಟೆ ಒಂದೂವರೆ. ಅವನು ಮೂರು ದಿನ ನಮ್ಮೊಡನೆ ಮಾತಾಡಲಿಲ್ಲ.

"ನರಿಗೆ ಕೆಂಪು ಬೆಳಕು ಕಾಣುದಿಲ್ಲ," ಎಂದು ಬಡಗಿ ಆಗ ಬಾಯಿಬಿಟ್ಟ.

"ಅದನ್ನು ಮೊದಲೇ ಹೇಳುದಲ್ವಾ ಮಾರಾಯ?"

"ನೀವು ಕೇಳಿದ್ರಾ? ನಿಮ್ಮ ಕೈಯಲ್ಲಿ ಕೀ ಉಂಟು, ನೀವು ಸಾಹೇಬ್ರು."

ಹೀಗೆ ಅಂತಿಮ ತೀರ್ಪು ಹೊರಬಿತ್ತು: ಐದು ಸೆಲ್ಲಿನ ಸ್ಟೀಲ್ ಟಾರ್ಚು, ಅದರ ಗಾಜಿನ ಮೇಲೆ ಚಾಕಲೇಟ್ ಡಬ್ಬಿಯ ಕೆಂಪು ಕಾಗದ. ಟಾರ್ಚನ್ನು ಕಣ್ಣಿನ ಪಕ್ಕಕ್ಕೇ ಹಿಡಿಯಬೇಕು. ಆಗ ಪ್ರಾಣಿಯ ಕಣ್ಣಿನ ಹೊಳಪು ನೇರವಾಗಿ ನಮ್ಮ ಕಣ್ಣಿಗೆ ಬರುತ್ತದೆ. ಗುರುವಾರ ರಾತ್ರಿ ಅದೇ ರೀತಿ ಹಿಡಿದೆ. ಗೋಡೆಯ ಬುಡದಲ್ಲಿ ಎರಡು ಕಣ್ಣು ಕೆಂಡದಂತೆ ಹೊಳೆದವು. ಬಡಗಿ ಬಲೆ ಬೀಸಿದ. ಇಂದಿಗೂ ಹೇಳುತ್ತೇನೆ, ಅಷ್ಟು ಅಚ್ಚುಕಟ್ಟಾಗಿ ಬಲೆ ಬೀಸಿದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ. ಕ್ಯಾಂಪಿನ ವಾಚ್‌ಮನ್‌ನ ಸೈಕಲ್ಲು, ಬೆಳಕಿಗೆ ಹೊಳೆಯುವ ಎರಡು ಪೆಡಲ್‌ಸಮೇತ ಪೂರ್ತಿ ಸಿಕ್ಕಿಬಿತ್ತು.

ಮತ್ತೆ ಬೆಳಗಾಗುವವರೆಗೆ ಕಣ್ಣು ಮುಚ್ಚದೆ ಗೂಡಿನ ಎದುರೇ ಕೂತೆವು. ಶುಕ್ರವಾರ ರಜೆ. ಅಡುಗೆಯವನು ನಮ್ಮ ಕಣ್ಣೆದುರೇ ಚಿಲಕ ತೆಗೆದ. ಹೊರಬಂದ ಕೋಳಿ ಎರಡು.

ಅಷ್ಟರಲ್ಲಿ ಅಣ್ಣ ಚಹಾದ ಲೋಟ ಹಿಡಿದು ಬಂದರು. ಈ ಯುದ್ಧವೆಲ್ಲ ತಮ್ಮ ಊಟಕ್ಕಾಗಿ ಎಂಬ ಸಂಕೋಚದಿಂದ ಅವರು ಅದುವರೆಗೆ ದೂರವೇ ಇದ್ದರು.

"ರಾತ್ರಿ ಚಿಲಕ ತೆಗೆದದ್ದುಂಟಾ?"

"ಇಲ್ಲಣ್ಣ."

"ಹಲಗೆ ಎಲ್ಲಾದ್ರೂ ಒಡೆದಿದೆಯಾ?"

"ಇಲ್ಲ."

"ಹಾಗಾದ್ರೆ ನಿನ್ನೆ ಸಂಜೆ ಒಳಗೆ ಹಾಕುವಾಗ ಎಷ್ಟಿತ್ತು?"

ಅಡುಗೆಯವನು ಅವರನ್ನು ಕನಿಕರದಿಂದ ನೋಡಿದ. "ಎಂತ ಅಣ್ಣ ನೀವು? ದೀಪ ಹಚ್ಚಿದ ಮೇಲೆ ಜೀವ ಇರುವದ್ದನ್ನು ಎಣಿಸುದುಂಟಾ? ನಮ್ಮ ಅಮ್ಮ ಹಟ್ಟಿಯ ದನವನ್ನೂ ಎಣಿಸಲಿಕ್ಕೆ ಬಿಡ್ತಿರಲಿಲ್ಲ."

ಮೂರು ರಾತ್ರಿ, ಮೂರು ದೀಪ, ಒಂದು ಸೈಕಲ್ಲು. ಕೋಳಿ ಹೋಗುತ್ತಿದ್ದದ್ದು ಹಗಲಿನಲ್ಲಿ. ನಮ್ಮ ಮಧ್ಯಾಹ್ನದ ಬುತ್ತಿಯನ್ನು ಪಿಕಪ್ಪಿಗೆ ಏರಿಸಿ ಅಡುಗೆಯವನು ಒಂದು ನಿದ್ದೆ ತೆಗೆಯುತ್ತಿದ್ದನಲ್ಲ, ಆ ಹೊತ್ತಿನಲ್ಲಿ.

ಅವತ್ತೇ ಅಡುಗೆಮನೆಯ ಕಿಟಕಿಯ ಹಿಂದೆ ಕಾದೆವು. ಹನ್ನೊಂದರ ಬಿಸಿಲಿಗೆ ತೋಟದ ಬೇಲಿ ಅಲುಗಿತು. ನೆಲಕ್ಕೆ ಅಂಟಿದಂತೆ ಉದ್ದಕ್ಕೆ ಹರಿದು ಬಂದದ್ದು ಒಂದು ಮುಂಗುಸಿ. ಇದನ್ನೂ ಹಿಂದೆ ಯಾರೋ ನಮ್ಮ ಕಡೆಯಿಂದಲೇ ಇಲ್ಲಿಗೆ ತಂದು ಬಿಟ್ಟರಂತೆ. ವೀಸಾ ಇಲ್ಲದೆ ನೆಲೆಸಿದ ನಮ್ಮ ದೇಶಬಾಂಧವ. ನಾನು ಪೈಪ್ ಹಿಡಿದು ಬಾಗಿಲಿಗೆ ಓಡಿದೆ. ಬಾಗಿಲಿಗೆ ಅಡ್ಡವಾಗಿ ಅಡುಗೆಯವನು ಕಣ್ಣು ಮುಚ್ಚಿ, ಕೈ ಮುಗಿದು ನಿಂತಿದ್ದ.

"ಬದಿಗೆ ಸರಿ ಮಾರಾಯ, ಅದು ಕೋಳಿ ಹಿಡೀತಾ ಉಂಟು!"

"ಸ್ವಲ್ಪ ನಿಲ್ಲಿ. ಮುಂಗುಸಿ ಮುಖ ಕಂಡದ್ದು. ಏಳು ವರ್ಷ ಆಯ್ತು ಇಂಥಾ ಒಳ್ಳೆ ಶಕುನ ಕಾಣದೆ."

ಶಕುನ ಮುಗಿಯುವಷ್ಟರಲ್ಲಿ ಒಂದು ಹೇಂಟೆ ಬೇಲಿಯಾಚೆ ಹೋಗಿತ್ತು. ಮುಂಗುಸಿಯನ್ನು ಅಟ್ಟಿಸಿಕೊಂಡು ಹೋಗಲು ಬಡಗಿಯೂ ಒಪ್ಪಲಿಲ್ಲ. ನರಿಯಾದರೆ ಸರಿ, ಮುಂಗುಸಿಗೆ ಹೊಡೆದರೆ ಊರಿಗೆ ಹೊರಟ ಅಣ್ಣನಿಗೇ ಕೇಡು ಎಂದ. ಅಣ್ಣ ಮಾತ್ರ ಎರಡನೇ ಚಹಾ ಮುಗಿಸಿ, "ಬಿಡಿ, ಅದರ ನಾಲಿಗೆಗೂ ಪೆಟ್ಟಿಗೆ ಕೋಳಿ ಹಿಡಿಸ್ಲಿಕ್ಕಿಲ್ಲ," ಎಂದರು.

ಉಳಿದದ್ದು ಒಂದೇ ಕೋಳಿ. ಒಂದು ವಾರ ಅಡುಗೆಯವನು ಅದರ ಕಾಲನ್ನು ಅಕ್ಕಿಮೂಟೆಗೆ ಕಟ್ಟಿ ಕಣ್ಣೆದುರು ಇಟ್ಟುಕೊಂಡ. ಹಗಲಿನ ನಿದ್ದೆ ಬಿಟ್ಟ. ಮುಂದಿನ ಶುಕ್ರವಾರ ನಮಗೆಲ್ಲ ದೊಡ್ಡ ಪಾತ್ರೆಯಲ್ಲಿ ಪೆಟ್ಟಿಗೆ ಕೋಳಿ. ಚಿಕ್ಕ ಪಾತ್ರೆಯಲ್ಲಿ ಅಣ್ಣನಿಗೊಬ್ಬರಿಗೆ ನಾಟಿ ಕೋಳಿ. ರೊಟ್ಟಿ ಮುರಿದು, ಸಾರು ಹೊಯ್ದು, ಅಡುಗೆಯವನು ಎದುರಿಗೇ ಕೂತ. ಅಣ್ಣ ಒಂದು ತುಂಡು ಬಾಯಿಗಿಟ್ಟು ಅಗಿದರು. ಅಗಿಯುತ್ತಲೇ ಇದ್ದರು. ನಾವು ನಮ್ಮ ಪಾಲು ಮುಗಿಸಿ ಕೈ ತೊಳೆದು ಬಂದರೂ ಅವರ ದವಡೆ ನಿಂತಿರಲಿಲ್ಲ.

"ಗಟ್ಟಿ ಆಯ್ತಾ ಅಣ್ಣ?" ಅಡುಗೆಯವನ ದನಿ ಸಣ್ಣದಾಗಿತ್ತು.

ಅಣ್ಣ ಇಲ್ಲವೆಂದು ತಲೆಯಾಡಿಸಿದರು. ಮೂಳೆಗಳನ್ನೂ ಬಿಡದೆ ಚೀಪಿ, ತಟ್ಟೆಯನ್ನು ಬೆರಳಿನಿಂದ ಒರೆಸಿ, ಆಮೇಲೆ ಹೇಳಿದರು:

"ಕೋಳಿ ಸರಿಯಾಗಿಯೇ ಉಂಟು. ಹನ್ನೆರಡು ವರ್ಷದಲ್ಲಿ ನನ್ನ ಹಲ್ಲಿಗೆ ಅಭ್ಯಾಸ ತಪ್ಪಿದೆ. ಊರಲ್ಲಿ ನಾಲ್ಕು ದಿನ ಇದ್ರೆ ಸರಿಯಾದೀತು."